ಹೆಸರು ಬಂದ ಊರು, ಅಧಿಕಾರ ಬಾರದ ಜನ

(ಕೃಷ್ಣರಾಜಪುರದ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳ ಸಾರಾಂಶ)



ನಾವು ಮೇಷ್ಟರಾಗಿದ್ದ ಕಾಲದಲ್ಲಿ ಗೋಡೆಗೆ ಭೂಪಟ ತೂಗುಹಾಕಿ, ಗಂಗೆ ಎಲ್ಲಿ ಹುಟ್ಟುತ್ತದೆ, ವೋಲ್ಗಾ ಯಾವ ಸಮುದ್ರ ಸೇರುತ್ತದೆ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆವು. ಒಂದು ದಿನ ಒಬ್ಬ ಹುಡುಗ ಎದ್ದು ನಿಂತು, "ಸಾರ್, ನಮ್ಮೂರ ಕೆರೆ ಕೋಡಿ ಹರಿದರೆ ಆ ನೀರು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದ. ನಮಗೆ ಉತ್ತರ ಗೊತ್ತಿರಲಿಲ್ಲ. ಆ ದಿನದ ನಾಚಿಕೆಯೇ ಇಂದಿನ ಈ ಮಾತಿಗೆ ಮೂಲ.

ಉತ್ತರ ಇದು. ಹಲಸೂರು ಕೆರೆಯ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ನಮ್ಮ ಈ ಪೂರ್ವದ ಸೀಮೆಯಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ. ಕೆಂಪು ಮಣ್ಣು, ಖುಷ್ಕಿ ಜಮೀನು. ರಾಗಿ, ಅವರೆ, ಹುರುಳಿ. ಬೀಳುವ ಮಳೆಯನ್ನು ಕೆರೆಯಿಂದ ಕೆರೆಗೆ ಕೈದಾಟಿಸಿ ಬದುಕಿದ ಹಳ್ಳಿಗಳು ಇವು: ಹೂಡಿ, ಕಾಡುಗೋಡಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ಇಮ್ಮಡಿಹಳ್ಳಿ, ಹಗದೂರು, ವರ್ತೂರು.

ಈ ಹಳ್ಳಿಗಳ ನಡುವೆ ಇನ್ನೊಂದು ಊರು ಹುಟ್ಟಿದ ಬಗೆಯನ್ನು ನೋಡೋಣ. 1881ರಲ್ಲಿ ಬ್ರಿಟಿಷರು ಮೈಸೂರಿನ ಆಳ್ವಿಕೆಯನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ದಂಡು ಪ್ರದೇಶವನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದು ನಮಗೆ ಮರಳಿದ್ದು 1947ರಲ್ಲಿ. ಮರುವರ್ಷ, 1882ರಲ್ಲಿ, ಮಹಾರಾಜರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಇಲ್ಲಿ 3,900 ಎಕರೆ ಭೂಮಿಯನ್ನು ದಾನವಾಗಿ ಕೊಟ್ಟರು. ಸಂಘದ ಮುಂದಾಳು ಮದ್ರಾಸಿನ ಡಿ. ಎಸ್. ವೈಟ್. ಅವರ ಹೆಸರಿನಿಂದಲೇ ವೈಟ್‌ಫೀಲ್ಡ್ ಎಂಬ ಹೆಸರು ಬಂತು.

ಆಂಗ್ಲೋ-ಇಂಡಿಯನ್ ಜನರನ್ನು ನಾವು ಹಗುರವಾಗಿ ಕಾಣಬಾರದು. ಬಿಳಿಯರು ಅವರನ್ನು ತಮ್ಮವರೆಂದು ಒಪ್ಪಲಿಲ್ಲ, ನಾವೂ ಒಪ್ಪಲಿಲ್ಲ. ಕೆಲಸವಿಲ್ಲದ ಕುಟುಂಬಗಳು ನೆಲ ಉತ್ತು ಸ್ವಂತ ಕಾಲ ಮೇಲೆ ನಿಲ್ಲಲಿ ಎಂಬುದು ವೈಟ್ ಅವರ ಆಸೆ. ಅದು ಒಳ್ಳೆಯ ಆಸೆಯೇ. ನಡುವೆ ದುಂಡನೆಯ ಬಯಲು, ಅದರ ಸುತ್ತ ಮನೆಗಳು, ಒಳ ವೃತ್ತ, ಹೊರ ವೃತ್ತ, ಒಂದು ಚರ್ಚು ಎಂದು ಊರು ಎದ್ದಿತು. 1864ರಲ್ಲೇ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದಿತ್ತು. ಆದರೂ ವಸಾಹತು ಅಂದುಕೊಂಡಷ್ಟು ಬೆಳೆಯಲಿಲ್ಲ. ನೂರು ವರ್ಷಗಳ ಮೇಲೂ ಅದು ಸಣ್ಣ ಹಳ್ಳಿಯಾಗಿಯೇ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ಅನೇಕ ಕುಟುಂಬಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೊರಟುಹೋದವು.

ಚರ್ಚಿಲ್ ಸಾಹೇಬ ತರುಣ ಸಿಪಾಯಿಯಾಗಿದ್ದಾಗ ಇಲ್ಲಿನ ವೇವರ್ಲಿ ಇನ್ ಎಂಬ ವಸತಿಗೃಹಕ್ಕೆ ಬರುತ್ತಿದ್ದನೆಂದು ಇಂದಿಗೂ ಕಥೆ ಹೇಳುತ್ತಾರೆ. ನಿಜವೋ ಸುಳ್ಳೋ ಇರಲಿ. ಆ ಮನೆಗೆ ನೀರು ಸೇದಿದವರು ಯಾರು, ಕಟ್ಟಿಗೆ ಹೊತ್ತವರು ಯಾರು ಎಂದು ಕಥೆ ಹೇಳುವವರನ್ನು ಕೇಳಿ ನೋಡಿ. ಸಾಹೇಬನ ಹೆಸರು ಉಳಿಯಿತು, ಸುತ್ತಲ ಹಳ್ಳಿಗಳ ಹೆಸರು ಹಿಂದೆ ಸರಿಯಿತು. ಕಾಡುಗೋಡಿಯ ಪಕ್ಕದಲ್ಲೇ ಇರುವ ರೈಲು ನಿಲ್ದಾಣಕ್ಕೂ ವೈಟ್‌ಫೀಲ್ಡ್ ಎಂದೇ ಹೆಸರು. 2023ರ ಮಾರ್ಚಿನಲ್ಲಿ ಮೆಟ್ರೋ ಬಂದಾಗ ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಹೂಡಿ ಎಂಬ ಹೆಸರುಗಳು ನಿಲ್ದಾಣದ ಹಲಗೆಗಳ ಮೇಲೆ ಕಂಡು ನಮಗೆ ಸಂತೋಷವಾಯಿತು. ಕಾಡುಗೋಡಿಗೆ ಮಾತ್ರ ಆವರಣ ಚಿಹ್ನೆಯೊಳಗಿನ ಜಾಗ ಸಿಕ್ಕಿತು! ನಮ್ಮ ಜನರ ಸ್ಥಿತಿಯನ್ನು ಆ ಹಲಗೆಯೇ ಬರೆದು ತೋರಿಸುತ್ತಿದೆ.

ಮುಂದೆ 1990ರ ದಶಕದಲ್ಲಿ ಕೈಗಾರಿಕಾ ವಲಯ ಬಂತು, ಸಿಂಗಪುರದ ಬಂಡವಾಳವೂ ಸೇರಿದ ಐಟಿ ಪಾರ್ಕ್ ಪಟ್ಟಂದೂರು ಅಗ್ರಹಾರದ ನೆಲದಲ್ಲಿ ಎದ್ದಿತು. ಕೆಲಸ ಹುಟ್ಟಿತು, ಅದನ್ನು ಅಲ್ಲಗಳೆಯುವುದಿಲ್ಲ. ರಾಗಿ ಹೊಲದ ಬೆಲೆ ಮುಗಿಲು ಮುಟ್ಟಿತು. ಆದರೆ ಹೊಲವಿಲ್ಲದ ಕೂಲಿಯವನಿಗೆ ಆ ಬೆಲೆಯಿಂದ ಬಂದದ್ದೇನು? ಅವನು ದನ ಮೇಯಿಸುತ್ತಿದ್ದ ಬಯಲು ಹೋಯಿತು, ಮನೆ ಬಾಡಿಗೆ ಏರಿತು. ಕೆರೆಗಳಿಗೆ ಪಟ್ಟಣದ ಕೊಳಚೆ ಬಂತು. 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಜಗತ್ತೇ ನೋಡಿತು. ಅದು ನಿಮ್ಮ ಊರಿನ ಹೊಲಸಷ್ಟೇ ಅಲ್ಲ. ಮೇಲಿನ ಬಡಾವಣೆಗಳೆಲ್ಲ ಕೆಳಗಿನ ಹಳ್ಳಿಗೆ ಕಳಿಸಿದ ಕಾಣಿಕೆ.

ಈಗ ಮುಖ್ಯ ಮಾತಿಗೆ ಬರೋಣ. ಇಷ್ಟೆಲ್ಲ ಆಗುವಾಗ ಊರಿನವರನ್ನು ಕೇಳಿದವರು ಯಾರು? ವಸಾಹತಿಗೆ ಸಂಘವಿತ್ತು, ಹಳ್ಳಿಗೆ ಪಂಚಾಯತಿ ಇತ್ತು. ಪಂಚಾಯತಿಯಲ್ಲಿ ದೊಡ್ಡ ಜಮೀನುದಾರರ ಮಾತೇ ನಡೆಯುತ್ತಿತ್ತೆಂಬುದು ನಮಗೆ ಗೊತ್ತಿದೆ. ಆದರೂ ಸದಸ್ಯನನ್ನು ಅರಳಿಕಟ್ಟೆಯ ಬಳಿ ತಡೆದು ನಿಲ್ಲಿಸಿ, "ನಲ್ಲಿಯಲ್ಲಿ ನೀರು ಯಾಕಪ್ಪಾ ಬರಲಿಲ್ಲ?" ಎಂದು ಕೇಳಬಹುದಿತ್ತು. 2007ರಲ್ಲಿ ಕೃಷ್ಣರಾಜಪುರ, ಮಹದೇವಪುರ ಮುಂತಾದ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಬೃಹತ್ ಬೆಂಗಳೂರಿಗೆ ಸೇರಿಸಿದರು. ಆ ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರು ಕಾವೇರಿ ನೀರು ತರುವ ಐದನೆಯ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ತೆರಿಗೆ ಮೊದಲು ಬಂತು, ನೀರು ಆಮೇಲೆ ಬಂತು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಅಧಿಕಾರಿಗಳೇ ಆಳಿದರು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆದು, ನಮ್ಮನ್ನು ಪೂರ್ವ ಪಾಲಿಕೆಗೆ ಹಾಕಿದರು. ಗಡಿ ಬದಲಾದರೆ ಸಾಲದು. ಗಡಿಯೊಳಗಿನ ಜನಕ್ಕೆ ಬಾಯಿ ಬರಬೇಕು.

ಆದ್ದರಿಂದ ಮಿತ್ರರೇ, ಬರಿಯ ಘೋಷಣೆ ಕೂಗಿ ಮನೆಗೆ ಹೋಗುವುದು ಬೇಡ. ನಿಮ್ಮ ನಿಮ್ಮ ಊರಿನ ಗ್ರಾಮನಕ್ಷೆಯನ್ನು ಸರ್ವೆ ಇಲಾಖೆಯಿಂದ ತನ್ನಿ. ಕೆರೆ, ರಾಜಕಾಲುವೆ, ಗೋಮಾಳ, ಸ್ಮಶಾನ ಎಲ್ಲೆಲ್ಲಿದ್ದವೆಂದು ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ ಗುರುತು ಮಾಡಿ. ನೆನಪಿದ್ದವರು ಇರುವಾಗಲೇ ಬರೆದುಕೊಳ್ಳಿ. ವಾರ್ಡಿನ ಸಭೆ ಕರೆಯದಿದ್ದರೆ ನೀವೇ ಹೋಗಿ ಯಾಕೆ ಕರೆಯಲಿಲ್ಲ ಎಂದು ಕೇಳಿ. ಹೊರಗಿನಿಂದ ಬಂದು ಇಲ್ಲಿ ಕಟ್ಟಡ ಕಟ್ಟುವ, ಕಸ ಗುಡಿಸುವ, ಕಾವಲು ಕಾಯುವ ಜನರನ್ನೂ ಜೊತೆಗೆ ಕರೆಯಿರಿ. 1882ರಲ್ಲಿ ಬಂದವರಂತೆ ಅವರೂ ನೆಲೆ ಹುಡುಕಿ ಬಂದವರೇ.

ಊರಿಗೆ ಹೆಸರನ್ನು ಯಾರೋ ಕೊಡಬಹುದು. ಅದರ ಮೇಲಿನ ಹಕ್ಕನ್ನು ಮಾತ್ರ ಅಲ್ಲಿ ಬಾಳುವವರೇ ಕೇಳಿ ಪಡೆಯಬೇಕು. ಮುಂದೆ ನಿಮ್ಮ ಮಗು, "ನಮ್ಮೂರ ನೀರು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದರೆ, ಮೇಷ್ಟರಂತೆ ತಲೆ ತಗ್ಗಿಸಬೇಡಿ. ಕೈಹಿಡಿದು ಕರೆದುಕೊಂಡು ಹೋಗಿ ಕೋಡಿಯನ್ನು ತೋರಿಸಿ.