ಒಂದೇ ಎಂಜಿನ್, ಎರಡು ಗಾಡಿ

ಸೆಕೆಂಡ್ ಹ್ಯಾಂಡ್ ಮಾರುತಿ 800 ತಗೊಳ್ಳೋದೋ, ಓಮ್ನಿ ತಗೊಳ್ಳೋದೋ? ಈ ಪ್ರಶ್ನೆ ನಮ್ಮ ಊರುಗಳಲ್ಲಿ ಇನ್ನೂ ಹಳತಾಗಿಲ್ಲ. 800 ರಸ್ತೆಗಿಳಿದದ್ದು 1983ರಲ್ಲಿ, ನಿಂತದ್ದು 2014ರಲ್ಲಿ. ಓಮ್ನಿ 1984ರಿಂದ 2019ರವರೆಗೆ ಬಂತು. ಎರಡರಲ್ಲೂ ಇರುವುದು ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಆ ಎಂಜಿನ್ನನ್ನು ಎಲ್ಲಿ ಕೂರಿಸಿದ್ದಾರೆ ಎಂಬುದರ ಮೇಲೆಯೇ ಗಾಡಿಯ ಗುಣ ನಿಂತಿದೆ.

800ರಲ್ಲಿ ಅದು ಬಾನೆಟ್ ಕೆಳಗಿದೆ. ಗಾಡಿಯನ್ನು ಎಳೆಯುವುದು ಮುಂದಿನ ಚಕ್ರ. ಓಮ್ನಿಯಲ್ಲಿ ಮುಂದಿನ ಸೀಟು ಎತ್ತಿದರೆ ಎಂಜಿನ್ ಸಿಗುತ್ತದೆ. ಅಲ್ಲಿಂದ ಹೊರಟ ಶಾಫ್ಟ್ ಹಿಂದಿನ ಚಕ್ರ ತಿರುಗಿಸುತ್ತದೆ. ಬೇಸಿಗೆಯಲ್ಲಿ ಸೀಟು ಕಾಯುವುದು ಇದರಿಂದಲೇ. ಘಾಟಿ ಏರುವಾಗ ಭಾರ ಹಿಂದಕ್ಕೆ ವಾಲುತ್ತದಲ್ಲ, ತುಂಬಿದ ಓಮ್ನಿಗೆ ಅದರಿಂದ ಬಲವೇ ಹೆಚ್ಚು: ಹಿಂದಿನ ಚಕ್ರ ನೆಲ ಕಚ್ಚಿ ಹಿಡಿಯುತ್ತದೆ. ಅದೇ ಓಮ್ನಿ ಖಾಲಿಯಿದ್ದರೆ ಮಳೆಗಾಲದ ಕೆಸರಿನಲ್ಲಿ ಚಕ್ರ ಬರಿದೇ ಸುತ್ತುತ್ತದೆ. 800ಕ್ಕೆ ಮುಂದಿನ ಚಕ್ರದ ಮೇಲೆ ಎಂಜಿನ್ ಭಾರ ಸದಾ ಇರುವುದರಿಂದ ಒಬ್ಬರೇ ಕೂತಿದ್ದರೂ ದಾಟಿಬಿಡುತ್ತದೆ.

ಅಂಗಡಿ ಸಾಮಾನು, ತರಕಾರಿ ಮೂಟೆ, ಮದುವೆಗೆ ಹೊರಟ ಮನೆಮಂದಿ, ಇವಕ್ಕೆಲ್ಲ ಜಾರುಬಾಗಿಲಿನ ಓಮ್ನಿಗೆ ಸಾಟಿಯಿಲ್ಲ. ಆದರೆ ಹೆದ್ದಾರಿಯಲ್ಲಿ ದಿನಾ ಓಡಾಡುವವರು ಅದನ್ನು ತಗೊಳ್ಳಬಾರದು ಎಂದೇ ನನ್ನ ಅಭಿಪ್ರಾಯ. ಎತ್ತರದ, ಕಿರಿದಾದ ಗಾಡಿ. ಪಕ್ಕದಲ್ಲಿ ಲಾರಿ ಹಾದುಹೋದರೆ ಗಾಳಿಗೆ ಓಲಾಡುತ್ತದೆ. ಚಾಲಕರ ಕಾಲಿನ ಮುಂದೆ ಒಂದು ತಗಡಿನ ಹೊರತು ಹೆಚ್ಚೇನೂ ಇಲ್ಲ. 800 ಕೂಡ ಏರ್‌ಬ್ಯಾಗ್ ಇಲ್ಲದ ಹಗುರ ಕಾರೇ, ಆದರೂ ಪೆಟ್ಟು ಮೊದಲು ಬಾನೆಟ್ಟಿಗೆ ಬೀಳುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನೋಡಲು ಹೋದಾಗ ಪೇಂಟಿಗೆ ಮರುಳಾಗಬೇಡಿ. 800ರಲ್ಲಿ ಕಾಲಡಿಯ ಮ್ಯಾಟ್ ಎತ್ತಿ ತಳ ಒತ್ತಿ ನೋಡಿ, ಬಾಗಿಲಿನ ಕೆಳ ಅಂಚಿಗೆ ಬೆರಳಾಡಿಸಿ. ತುಕ್ಕು ಇದ್ದರೆ ಪುಡಿ ಕೈಗೆ ಬರುತ್ತದೆ. ಓಮ್ನಿಯಲ್ಲಿ ಬಾಗಿಲು ಜಾರುವ ಹಳಿ ನೋಡಿ, ಬಾಗಿಲು ತಡೆಯದೆ ಸರಿಯಬೇಕು. ಎಂಜಿನ್ ಬಿಡಿಭಾಗ ಊರೂರಲ್ಲಿ ಸಿಗುತ್ತವೆ, ಕೊಳೆತ ತಳಕ್ಕೆ ವೆಲ್ಡಿಂಗ್ ಮಾಡಿಸುತ್ತ ಕೂತರೆ ಮುಗಿಯುವುದಿಲ್ಲ.

ಕೊನೆಗೆ ಆರ್‌ಸಿ. 15 ವರ್ಷ ದಾಟಿದ್ದರೆ ನೋಂದಣಿ ನವೀಕರಿಸಿದ್ದಾರೆಯೇ, ಅದು ಎಲ್ಲಿಯವರೆಗೆ ಇದೆ ಎಂದು ನೋಡಿಕೊಂಡೇ ಮುಂಗಡ ಕೊಡಿ.