ಉಚಿತ ವಿದ್ಯುತ್ತು, ಬತ್ತಿದ ಬಾವಿ



ನಂದಿಬೆಟ್ಟದ ಸೀಮೆ ನದಿಗಳ ತವರೆಂದು ಹೆಸರಾದುದು. ಆದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವೆಲ್ಲ ಹರಿಯುವ ಹೊಳೆ ಒಂದೂ ಇಲ್ಲ. ಗೌರಿಬಿದನೂರಿನ ಉತ್ತರ ಪಿನಾಕಿನಿಯೂ ಬಹುಕಾಲ ಬರಿಯ ಮರಳು. ಹಿಂದೆ ಕೆರೆಯೂ ತೆರೆದ ಬಾವಿಯೂ ಪೈರಿಗೆ ನೀರುಣಿಸುತ್ತಿದ್ದುವು. ಈಗ ಚಿಕ್ಕಬಳ್ಳಾಪುರದ ದ್ರಾಕ್ಷಿ, ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಂತಾಮಣಿಯ ಟೊಮೇಟೊ ಕೊಳವೆಬಾವಿಯನ್ನೇ ನಂಬಿವೆ. ಪ್ರತಿವರ್ಷ ಇಂಗುವುದಕ್ಕಿಂತ ಮೇಲೆತ್ತುವುದೇ ಹೆಚ್ಚೆಂದು ಕೇಂದ್ರ ಅಂತರ್ಜಲ ಮಂಡಳಿಯು ಈ ನಾಲ್ಕನ್ನೂ ಅತಿಬಳಕೆಯ ತಾಲ್ಲೂಕುಗಳೆಂದು ಗುರುತಿಸಿದೆ.

ಇದರಲ್ಲಿ ತೆರಿಗೆಯ ಮಾತೆಲ್ಲಿ ಬಂದಿತೆಂದು ತಾವು ಕೇಳಬಹುದು. 2008ರಿಂದ ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಅದರ ಬೆಲೆಯನ್ನು ವಿದ್ಯುತ್ ಕಂಪನಿಗಳಿಗೆ ತೆರುವುದು ಸರ್ಕಾರದ ಬೊಕ್ಕಸ. ಬೊಕ್ಕಸವನ್ನು ತುಂಬುವವರು ನಾವೆಲ್ಲರೂ. ಸಾವಿರ ಲೀಟರು ನೀರನ್ನು 30 ಮೀಟರು ಮೇಲೆತ್ತಲು, ಪಂಪಿನಲ್ಲಾಗುವ ನಷ್ಟವನ್ನೂ ಸೇರಿಸಿದರೆ, ಯೂನಿಟ್ಟಿನ ಸುಮಾರು ಐದನೆಯ ಒಂದು ಪಾಲು ಸಾಕು; 300 ಮೀಟರಿನಿಂದ ಎತ್ತಲು ಸುಮಾರು 2 ಯೂನಿಟ್ಟು ಬೇಕು. ನೀರು ಕೆಳಗಿಳಿದಂತೆಲ್ಲ, ಅಷ್ಟೇ ನೀರಿಗೆ ನಾವು ತೆರುವ ಹಣ ಮೇಲೇರುತ್ತದೆ.

ಇದಕ್ಕಾಗಿ ರೈತನನ್ನು ದೂರುವುದು ನ್ಯಾಯವಲ್ಲ. ತಾನು ಉಳಿಸಿದ ನೀರನ್ನು ನೆರೆಯ ಪಂಪು ಎಳೆದುಕೊಳ್ಳುವುದೆಂದು ಬಲ್ಲವನು ಏಕೆ ಉಳಿಸಿಯಾನು? ಸಾವಿರ ಅಡಿಗೂ ಕೆಳಗೆ ಕೊರೆಯಿಸಬಲ್ಲ ಅನುಕೂಲಸ್ಥನಿಗೆ ಉಚಿತ ವಿದ್ಯುತ್ತಿನ ಪೂರ್ಣ ಫಲವುಂಟು. ಬಾವಿ ಬತ್ತಿದ ಸಣ್ಣ ಹಿಡುವಳಿದಾರನಿಗಾದರೋ ಉಳಿಯುವುದು ಕೊರೆಯಿಸಿದ ಸಾಲ ಮಾತ್ರ. ಬಡವನಿಗೆಂದು ಹೊರಟ ಹಣ ಬಡವನನ್ನೇ ಬಿಟ್ಟು ಮುಂದೆ ಹೋಗುತ್ತಿದೆ.

ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಹೆಬ್ಬಾಳ–ನಾಗವಾರ ಕಣಿವೆಯಿಂದ ತಂದು ಈ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿರುವುದು ಉಪಕಾರವೇ ಸರಿ. ಆದರೆ ಅದಕ್ಕೂ ಪಂಪು ಬೇಕು, ವಿದ್ಯುತ್ತು ಬೇಕು. ಎತ್ತುವುದಕ್ಕೆ ಮಿತಿಯಿಲ್ಲದಿದ್ದರೆ ತುಂಬಿಸಿಯೂ ಫಲವು ಅಲ್ಪ.

ಹಾಗೆಂದು ಒಮ್ಮೆಗೇ ಪೂರ್ಣ ದರವನ್ನು ವಿಧಿಸಿದರೆ ಮೊದಲು ನೆಲಕಚ್ಚುವವನೂ ಆ ಸಣ್ಣ ರೈತನೇ. ಪಂಜಾಬಿನವರು 2018ರಲ್ಲಿ ಬೇರೊಂದು ದಾರಿಯನ್ನು ಪ್ರಯೋಗಿಸಿದರು. ಒಪ್ಪಿ ಬಂದವರ ಪಂಪಿಗೆ ಮೀಟರು ಹಾಕಿ, ಇಷ್ಟು ಯೂನಿಟ್ಟೆಂದು ಗೊತ್ತುಮಾಡಿ, ಅದರಲ್ಲಿ ಉಳಿಸಿದಷ್ಟಕ್ಕೂ ರೈತನಿಗೆ ಹಣವನ್ನು ಸಲ್ಲಿಸಿದರು. ಅಲ್ಲಿ ಸಹಾಯವು ನಿಲ್ಲಲಿಲ್ಲ, ಉಳಿತಾಯಕ್ಕೊಂದು ಬೆಲೆ ಬಂದಿತು.

ಆ ದ್ರಾಕ್ಷಿಯನ್ನು ಉಣ್ಣುವ, ಆ ರೇಷ್ಮೆಯನ್ನು ಉಡುವ ನಗರವಾಸಿಗಳಾದ ನಾವು, ರೈತನಿಗೆ ಹಣವೇಕೆಂದು ಕೇಳುವುದು ಸಲ್ಲದು. ಎತ್ತಿದ ನೀರಿಗಾಗಿ ತೆರುವ ಹಣವನ್ನು ಉಳಿಸಿದ ನೀರಿಗೂ ಏಕೆ ತೆರಬಾರದು ಎಂಬುದೇ ನಾವು ಕೇಳತಕ್ಕ ಪ್ರಶ್ನೆ.