ಬಡವರ ಗಲ್ಲಿಗಳಲ್ಲಿ ನೈರ್ಮಲ್ಯ: ಒರಂಗಿ ಕಲಿಸಿದ ಪಾಠ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಚರಂಡಿಯ ಮಾತೇಕೆ ಎಂದು ನಿಮಗನಿಸಬಹುದು. ಆದರೆ ಯೋಚಿಸಿ ನೋಡಿ. ಪದೇ ಪದೇ ವಾಂತಿಭೇದಿಯಿಂದ ಮಲಗುವ ಮಗುವಿಗೆ ನಾವು ಕೊಡುವ ಪುಸ್ತಕದಿಂದ ಎಷ್ಟು ಪ್ರಯೋಜನವಾದೀತು? ಮನೆಯಲ್ಲಿ ಶೌಚಾಲಯವಿಲ್ಲದೆ ಕತ್ತಲಾಗುವುದನ್ನೇ ಕಾಯುವ ಹೆಣ್ಣುಮಗಳ ಮನಸ್ಸು ಪಾಠದಲ್ಲಿ ನಿಂತೀತೇ? ಶಾಲೆಯ ಪ್ರಶ್ನೆ ಶಾಲೆಯ ಗೋಡೆಗಳೊಳಗೇ ಮುಗಿಯುವುದಿಲ್ಲ.

“ಬಡವರಿಗೆ ಶೌಚಾಲಯ ಬೇಕಾಗಿಲ್ಲ, ಟಿ.ವಿ.ಗೆ ದುಡ್ಡಿದೆ, ಇದಕ್ಕಿಲ್ಲ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಈ ಮಾತು ನಿಜವೇ? ಕರಾಚಿಯ ಒರಂಗಿ ಎಂಬ ಬಡಾವಣೆಯ ಅನುಭವ ಇದಕ್ಕೆ ಉತ್ತರ ಹೇಳುತ್ತದೆ.

ಒರಂಗಿ ಕರಾಚಿಯ ವಾಯವ್ಯ ಭಾಗದಲ್ಲಿದೆ. 1965ರ ಸುಮಾರಿಗೆ ಆರಂಭವಾದ ಈ ವಸತಿ, 1971ರ ಯುದ್ಧದ ನಂತರ ಪೂರ್ವ ಪಾಕಿಸ್ತಾನದಿಂದ ಬಂದವರಿಂದ ಬಹಳ ಬೆಳೆಯಿತು. ಕೂಲಿಕಾರರು, ನೇಕಾರರು, ಸಣ್ಣ ವ್ಯಾಪಾರಿಗಳು ತಾವೇ ಮನೆ ಕಟ್ಟಿಕೊಂಡರು. ಆದರೆ ಮಲವನ್ನು ಬಕೆಟ್‌ಗಳಲ್ಲಿ ಹೊರಿಸಬೇಕಿತ್ತು, ಇಲ್ಲವೇ ಬೇಗ ತುಂಬಿಹೋಗುವ ಇಂಗುಗುಂಡಿಗಳನ್ನು ನಂಬಬೇಕಿತ್ತು. ಕೊಳಕು ನೀರು ಮಕ್ಕಳು ಆಡುವ ಗಲ್ಲಿಯಲ್ಲೇ ಹರಿಯುತ್ತಿತ್ತು.

1980ರಲ್ಲಿ ಅಖ್ತರ್ ಹಮೀದ್ ಖಾನ್ ಅಲ್ಲಿಗೆ ಬಂದರು. ಐ.ಸಿ.ಎಸ್. ಹುದ್ದೆಗೆ ರಾಜೀನಾಮೆ ಕೊಟ್ಟವರು, ಪೂರ್ವ ಪಾಕಿಸ್ತಾನದ ಕೊಮಿಲ್ಲಾದಲ್ಲಿ ಗ್ರಾಮಾಭಿವೃದ್ಧಿ ಅಕಾಡೆಮಿ ಕಟ್ಟಿ ಹೆಸರಾದವರು. ಅವರು ಸಿದ್ಧ ಯೋಜನೆಯೊಂದನ್ನು ಹೊತ್ತು ತರಲಿಲ್ಲ. ಗಲ್ಲಿ ಗಲ್ಲಿ ಸುತ್ತಿ ಜನರ ಮಾತು ಕೇಳಿದರು. ಚರಂಡಿ ಬೇಕೆಂಬ ಆಸೆ ಎಲ್ಲರಲ್ಲೂ ಇತ್ತು. ಆದರೆ ಆ ಆಸೆಗೆ ನಾಲ್ಕು ಅಡ್ಡಿಗಳಿದ್ದವು.

ಮೊದಲನೆಯದು ಮನಸ್ಸಿನ ಅಡ್ಡಿ: ಇದು ಸರಕಾರದ ಕೆಲಸ, ಉಚಿತವಾಗಿ ಮಾಡಿಕೊಡುತ್ತಾರೆ ಎಂಬ ನಿರೀಕ್ಷೆ. ಎರಡನೆಯದು ದುಡ್ಡಿನ ಅಡ್ಡಿ: ಗುತ್ತಿಗೆದಾರರ ದರ ಬಡವರ ಕೈಗೆಟುಕುವಂತಿರಲಿಲ್ಲ. ಮೂರನೆಯದು ತಾಂತ್ರಿಕ ಅಡ್ಡಿ: ಇಳಿಜಾರು ಅಳೆದು ಕೊಳವೆ ಹಾಕುವ ವಿದ್ಯೆ ಅವರಿಗೆ ತಿಳಿದಿರಲಿಲ್ಲ. ನಾಲ್ಕನೆಯದು ಸಾಮಾಜಿಕ ಅಡ್ಡಿ: ಗಲ್ಲಿಯವರೆಲ್ಲ ಒಂದಾಗಬೇಕಿತ್ತು.

ಈ ನಾಲ್ಕನೆಯದನ್ನು ಚೆನ್ನಾಗಿ ಗಮನಿಸಿ. ಟಿ.ವಿ. ಕೊಳ್ಳಲು ನೆರೆಮನೆಯವರ ಒಪ್ಪಿಗೆ ಬೇಡ. ಚರಂಡಿಗೆ ಬೇಕು. ನನ್ನ ಮನೆಯ ಕೊಳವೆ ನಿಮ್ಮ ಮನೆಯ ಮುಂದೆ ಹೋಗಲೇಬೇಕು. ನೀವು ಸೇರದಿದ್ದರೆ ನನ್ನ ದುಡ್ಡು ಮಣ್ಣುಪಾಲು. ಆದ್ದರಿಂದಲೇ ಪ್ರತಿಯೊಬ್ಬರಿಗೂ ಬೇಕೆನಿಸಿದರೂ ಹೊರಗಿನವರ ಕಣ್ಣಿಗೆ ಯಾರಿಗೂ ಬೇಡವೆಂಬಂತೆ ಕಾಣುತ್ತದೆ.

ಒರಂಗಿ ಪೈಲಟ್ ಪ್ರಾಜೆಕ್ಟ್ ಗಲ್ಲಿಯನ್ನೇ ಘಟಕವನ್ನಾಗಿ ಮಾಡಿಕೊಂಡಿತು. ಇಪ್ಪತ್ತು ಮೂವತ್ತು ಮನೆಗಳ ಗಲ್ಲಿ ತನ್ನೊಬ್ಬ ಮುಖಂಡನನ್ನು ಆರಿಸಿಕೊಳ್ಳಬೇಕು. ಅವನು ದುಡ್ಡು ಸಂಗ್ರಹಿಸಬೇಕು. ಸಂಸ್ಥೆ ದುಡ್ಡನ್ನು ಮುಟ್ಟುವುದಿಲ್ಲ, ಸಹಾಯಧನವನ್ನೂ ಕೊಡುವುದಿಲ್ಲ. ಅಳತೆ, ನಕ್ಷೆ, ಅಂದಾಜು ವೆಚ್ಚ, ಸಲಕರಣೆ, ಮಾರ್ಗದರ್ಶನ ಇಷ್ಟನ್ನು ಕೊಡುತ್ತದೆ. ವಾಸ್ತುಶಿಲ್ಪಿ ಆರಿಫ್ ಹಸನ್ ಮತ್ತು ಸಂಗಡಿಗರು ವಿನ್ಯಾಸವನ್ನು ಸರಳಗೊಳಿಸಿದರು. ಗುತ್ತಿಗೆದಾರನ ಲಾಭ ತಪ್ಪಿತು. 1980ರ ದಶಕದಲ್ಲಿ ಶೌಚಾಲಯ ಮತ್ತು ಗಲ್ಲಿಯ ಚರಂಡಿ ಸೇರಿ ಮನೆಯೊಂದಕ್ಕೆ ಬಿದ್ದ ಖರ್ಚು ಸುಮಾರು ಒಂದು ಸಾವಿರ ಪಾಕಿಸ್ತಾನಿ ರೂಪಾಯಿ. ಒಂದು ಗಲ್ಲಿ ಸ್ವಚ್ಛವಾದದ್ದನ್ನು ಕಂಡು ಪಕ್ಕದ ಗಲ್ಲಿಯವರು ತಾವೇ ಕೇಳಿಕೊಂಡು ಬಂದರು. 2000ದ ದಶಕದ ಆರಂಭದ ಹೊತ್ತಿಗೆ ಆರು ಸಾವಿರಕ್ಕೂ ಹೆಚ್ಚು ಗಲ್ಲಿಗಳ 90,000ಕ್ಕೂ ಹೆಚ್ಚು ಮನೆಗಳು ಸ್ವಂತ ದುಡ್ಡಿನಿಂದ ಈ ಕೆಲಸ ಮಾಡಿಕೊಂಡಿದ್ದವು. ಬಡವರಿಗೆ ಬೇಡ ಎಂಬ ಮಾತು ಇಲ್ಲಿಗೆ ಸುಳ್ಳಾಯಿತು.

ಹಾಗಾದರೆ ಎಲ್ಲವನ್ನೂ ಬಡವರ ತಲೆಯ ಮೇಲೆ ಹೊರಿಸಿ ಸರಕಾರ ಕೈತೊಳೆದುಕೊಳ್ಳಬಹುದೇ? ಖಂಡಿತ ಇಲ್ಲ. ಮನೆಯ ಶೌಚಾಲಯ, ಗಲ್ಲಿಯ ಕೊಳವೆ, ಬಡಾವಣೆಯ ಕೊಳವೆ ಜನರ ಪಾಲು. ಆದರೆ ಮುಖ್ಯ ಚರಂಡಿ ಮತ್ತು ಶುದ್ಧೀಕರಣ ಘಟಕ ಸರಕಾರದ ಪಾಲು. ಸರಕಾರ ತನ್ನ ಪಾಲನ್ನು ಮಾಡದಿದ್ದರೆ ಗಲ್ಲಿಯ ಕೊಳಕು ಹತ್ತಿರದ ಹಳ್ಳ ಸೇರುತ್ತದೆ, ಅಷ್ಟೇ. ಈ ಸಂಸ್ಥೆಯ ಪರ್ವೀನ್ ರೆಹಮಾನ್ ಕರಾಚಿಯ ಹಳ್ಳಗಳನ್ನೂ ಬಡ ಬಡಾವಣೆಗಳನ್ನೂ ನಕ್ಷೆಗಿಳಿಸಿ, ಆ ದಾಖಲೆಗಳನ್ನು ಸರಕಾರದ ಮುಂದಿಟ್ಟು ದುಡಿದರು. 2013ರ ಮಾರ್ಚ್ 13ರಂದು ಆ ಮಹಿಳೆಯನ್ನು ಗುಂಡಿಟ್ಟು ಕೊಂದರು. ನಕ್ಷೆ ಬರೆಯುವುದೂ ಎಂಥ ಧೈರ್ಯದ ಕೆಲಸ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಇನ್ನೊಂದು ಮಾತು. ಒರಂಗಿಯ ಬಹಳಷ್ಟು ಜನರಿಗೆ ತಮ್ಮನ್ನು ಯಾರೂ ಎಬ್ಬಿಸಲಾರರು ಎಂಬ ನಂಬಿಕೆಯಿತ್ತು. ನಾಳೆ ಮನೆ ಕೆಡವುತ್ತಾರೆಂಬ ಭಯವಿದ್ದಲ್ಲಿ ಯಾರು ತಾನೇ ನೆಲದಡಿಯಲ್ಲಿ ದುಡ್ಡು ಹೂಳುತ್ತಾರೆ? ಬಾಡಿಗೆದಾರನೂ ಹಾಗೆಯೇ, ಅವನಿಗೆ ಆಸೆಯಿದ್ದರೂ ಕಟ್ಟಿಸಬೇಕಾದವನು ಮನೆ ಮಾಲೀಕ. ಆದುದರಿಂದ ಒರಂಗಿಯನ್ನು ಎಲ್ಲ ಕಡೆಯೂ ಕಣ್ಣುಮುಚ್ಚಿ ನಕಲು ಮಾಡುವಂತಿಲ್ಲ.

ನಮ್ಮ ದೇಶದ 2011ರ ಜನಗಣತಿಯ ಪ್ರಕಾರ ನಗರಗಳ ಶೇಕಡಾ 81ರಷ್ಟು ಮನೆಗಳ ಆವರಣದಲ್ಲಿ ಶೌಚಾಲಯವಿತ್ತು. ಆದರೆ ಒಳಚರಂಡಿ ಕೊಳವೆಗೆ ಸೇರಿದ್ದು ಸುಮಾರು ಮೂರನೇ ಒಂದು ಭಾಗದ ಮನೆಗಳು ಮಾತ್ರ. ಶೌಚಾಲಯಗಳ ಸಂಖ್ಯೆ ಎಣಿಸಿದರೆ ಸಾಲದು, ಅದರ ಕೊಳಕು ಎಲ್ಲಿಗೆ ಹೋಗುತ್ತದೆಂದೂ ಕೇಳಬೇಕು.

ವಿದ್ಯಾರ್ಥಿಗಳೇ, ಈ ಸಲದ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಮೊಹಲ್ಲಾದ ಒಂದು ಗಲ್ಲಿಯನ್ನು ಆರಿಸಿಕೊಳ್ಳಿ. ಪ್ರತಿ ಮನೆಯಲ್ಲೂ, ಮುಖ್ಯವಾಗಿ ತಾಯಂದಿರನ್ನು ಕೇಳಿ: ನಿಮಗೇನು ಬೇಕು? ಎಷ್ಟು ಕೊಡಬಲ್ಲಿರಿ? ಒಮ್ಮೆಗೇ ಕೊಡಬಲ್ಲಿರೋ, ಕಂತಿನಲ್ಲೋ? ಅಡ್ಡಿಯಾಗಿರುವುದು ಏನು? ಮನೆ ಯಾರದ್ದು, ನೀರು ಎತ್ತ ಹರಿಯುತ್ತದೆ ಎಂಬುದನ್ನು ನಕ್ಷೆಯಲ್ಲಿ ಬರೆಯಿರಿ. ಆ ಕಾಗದವನ್ನು ಹಿಡಿದು ಹಿರಿಯರು ಮೊದಲು ಗಲ್ಲಿಯವರನ್ನು ಕೂರಿಸಿ ಮಾತಾಡಲಿ, ಬಳಿಕ ನಗರಸಭೆಗೆ ಹೋಗಲಿ. ಬರೀ ಮನವಿಗಿಂತ ಅಳತೆ, ಲೆಕ್ಕವಿರುವ ಮನವಿಗೆ ತೂಕ ಹೆಚ್ಚು.

ಬಡವರಿಗೆ ಬೇಡ ಎಂದು ತೀರ್ಮಾನಿಸುವ ಮೊದಲು ಅವರನ್ನು ಕೇಳೋಣ. ಕೇಳಿದ ಮೇಲೆ ಅವರ ಜೊತೆ ನಿಲ್ಲೋಣ.